ಮೊಣಕೈ

ಎದುರಿಗೆ ಕೂತವನು ಇನ್ನೂ ಕಪ್ಪನ್ನು ಮುಟ್ಟಿರಲಿಲ್ಲ. ಹಾಗಾಗಿ ಹುಚ್ಚೀರಪ್ಪನೂ ಮುಟ್ಟಲಿಲ್ಲ. ಗೋಡೆಯ ಮೇಲಿನ ಹೋದ ವರ್ಷದ ಕ್ಯಾಲೆಂಡರನ್ನು ನೋಡುವವನಂತೆ ಮುಖ ಇಟ್ಟುಕೊಂಡು, ಕಣ್ಣಂಚಿನಲ್ಲಿ ಆ ಮನುಷ್ಯನ ಬೆರಳುಗಳನ್ನೇ ಕಾಯುತ್ತಿದ್ದ. ಅವನು ಹತ್ತಿಯ ದಲಾಲಿಯೋ ಏನೋ, ಯಾವ ಅವಸರವೂ ಇಲ್ಲದೆ ಬೀಡಿ ಹಚ್ಚಿ, ಕಡ್ಡಿ ಆರಿಸಿ, ಕೊನೆಗೆ ಕಪ್ಪಿನ ಹೊಟ್ಟೆಗೆ ಬೆರಳು ತಗಲಿಸಿ, ಥಟ್ಟನೆ ಹಿಂದಕ್ಕೆಳೆದು ಕಿವಿಯ ಹಾಲೆಗೆ ಒತ್ತಿಕೊಂಡ. ಹುಚ್ಚೀರಪ್ಪ ಸ್ವಲ್ಪ ತಡೆದು ತಾನೂ ಬೆರಳು ತಗಲಿಸಿದ, ಹಿಂದಕ್ಕೆಳೆದುಕೊಂಡ. ಕಿವಿ ಮುಟ್ಟಿಕೊಳ್ಳಲಿಲ್ಲ, ಅದು ನಕಲಿನಂತೆ ಕಾಣುತ್ತಿತ್ತು. ಬದಲಿಗೆ ತುಟಿ ಚೂಪು ಮಾಡಿ ಬೆರಳ ತುದಿಗೆ ಊದಿಕೊಂಡ. ಆ ಮನುಷ್ಯ ಬಸಿಗೆ ಸುರುವಿಕೊಂಡು ಸೊರ್ರೆಂದು ಹೀರಿದ ಮೇಲೆ ಇವನೂ ಸುರುವಿಕೊಂಡ. ನಾಲಿಗೆಗೆ ಚಾ ಸುಡುಸುಡು ತಗಲಿತು. ನಾಲಿಗೆ ಇನ್ನೂ ಅವನದಾಗಿತ್ತು.

"ಏನ್ರೀ ಸಾಹೇಬ್ರ, ಹೊಸಾ ಚಪ್ಲಿ, ಇಸ್ತ್ರಿ ಅಂಗಿ," ಗಲ್ಲೆಯ ಮೇಲಿಂದ ಮಕ್ಬುಲಸಾಬ ಕೂಗಿದ. "ಬೀಗರೂರಿಗೆ ಹೊಂಟ್ರೇನು?"

"ಹೌದು. ಹನುಮಸಾಗರಕ್ಕ."

"ತಂಗಿನ್ನ ಕರಕೊಂಡ ಬರ್ರಿ ಈ ಸಲ. ಇಲ್ಲಾಂದ್ರ ದಿನಾ ನನ್ನ ಹೋಟ್ಲಾಗ ಮಂಡಾಳ ಒಗ್ಗರಣಿ ತಿಂದು ತಿಂದು ನೀವು ನನ್ನ ಮನಿಯಳಿಯ ಆಗ್ತೀರಿ ನೋಡ್ರಿ."

ಕೂತವರು ನಕ್ಕರು. ಹುಚ್ಚೀರಪ್ಪನೂ ನಕ್ಕ. ಕುಷ್ಟಗಿಗೆ ವರ್ಗವಾಗಿ ಬಂದು ವರ್ಷವಾಗಿದ್ದರೂ ತಾಲೂಕು ಕಚೇರಿಯ ಗುಮಾಸ್ತನ ಹೆಂಡತಿ ತವರಿನಲ್ಲೇ ಯಾಕೆ ಉಳಿದಿದ್ದಾಳೆ ಎಂದು ಮಕ್ಬುಲಸಾಬ ಒಮ್ಮೆಯೂ ಕೇಳಿರಲಿಲ್ಲ. ಗೊತ್ತಿಲ್ಲದ್ದಕ್ಕೋ, ಗೊತ್ತಿದ್ದೋ ಎಂಬುದು ಹುಚ್ಚೀರಪ್ಪನನ್ನು ಪ್ರತಿ ಚಾದ ಜೊತೆಗೂ ಕೊರೆಯುತ್ತಿತ್ತು. ಈ ಕಪ್ಪನ್ನು ನಾನು ಎದ್ದ ಮೇಲೆ ಬೇರೆ ತೊಳೆಯುತ್ತಾರೆಯೇ ಎಂದು ಬಾಗಿಲಲ್ಲಿ ನಿಂತು ಚಪ್ಪಲಿಯ ಬಾರು ಸರಿಮಾಡಿಕೊಳ್ಳುವ ನೆವದಲ್ಲಿ ಹಿಂತಿರುಗಿ ನೋಡಿದ. ಎಲ್ಲ ಕಪ್ಪುಗಳೂ ಅದೇ ಕಪ್ಪುಗಟ್ಟಿದ ನೀರಿನ ಬಕೀಟಿನಲ್ಲಿ ಮುಳುಗಿ ಏಳುತ್ತಿದ್ದವು. ಸಮಾಧಾನವಾಯಿತು. ಆ ಸಮಾಧಾನವೇ ಅವನಿಗೆ ನಾಚಿಕೆ ತಂದಿತು.

ಚಪ್ಪಲಿ ಕೊಪ್ಪಳದಲ್ಲಿ ಕೊಂಡದ್ದು, ಕೆಂಪು ತೊಗಲಿನದು, ನಡೆದರೆ ಕಿರ್ರೆನ್ನುವಂಥದು. ದವಾಖಾನೆಯಿಂದ ಕೊಟ್ಟ ಇನ್ನೊಂದು ಜೊತೆ ಮನೆಯಲ್ಲಿ ಹೊರಸಿನ ಕೆಳಗೆ ಗೋಡೆಗೆ ಮುಖಮಾಡಿ ಕೂತಿತ್ತು: ಕರಿಯ ಮೆತ್ತನೆ ರಬ್ಬರಿನ ಅಟ್ಟೆ, ಹಿಮ್ಮಡಿಗೆ ಪಟ್ಟಿ, ಒಂದು ಮೊಳೆಯೂ ಇಲ್ಲ. ಅದನ್ನು ತೊಟ್ಟು ಸಂತೆಯಲ್ಲಿ ನಡೆದರೆ ಸಾಕು, ಕುಷ್ಠ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಎದುರಿಗೆ ಬರುವವರ ಕಣ್ಣು ಮುಖದಿಂದ ಕಾಲಿಗೆ ಇಳಿದು, ಕಾಲಿನಿಂದ ಕೈಬೆರಳಿಗೆ ಏರಿ, ಪಕ್ಕಕ್ಕೆ ಸರಿಯುತ್ತಿತ್ತು. ರೋಗವೇನೋ ಹೋಗಿತ್ತು. ವರ್ಷಗಟ್ಟಲೆ ನುಂಗಿದ ಗುಳಿಗೆ ಮೈಮೇಲಿನ ಮಚ್ಚೆಗಳನ್ನು ಅಳಿಸಿತ್ತು. ಇನ್ನು ಯಾರಿಗೂ ನಿನ್ನಿಂದ ಹತ್ತುವುದಿಲ್ಲ ಎಂದು ರಾಯಚೂರಿನ ಡಾಕ್ಟರು ಹೆಗಲ ಮೇಲೆ ಕೈಯಿಟ್ಟೇ ಹೇಳಿದ್ದರು. ಆದರೆ ರೋಗ ಹೋಗುವಾಗ ಎರಡೂ ಕೈಗಳ, ಎರಡೂ ಪಾದಗಳ ಅರಿವನ್ನು ತನ್ನ ಜೊತೆ ಒಯ್ದಿತ್ತು. ಅದು ತಿರುಗಿ ಬರುವುದಿಲ್ಲ ಎಂದೂ ಅದೇ ಡಾಕ್ಟರು ಹೇಳಿದ್ದರು, ಆಗ ಹೆಗಲ ಮೇಲಿನ ಕೈ ತೆಗೆದಿದ್ದರು. "ಇನ್ನ ಮುಂದ ಕಣ್ಣ ನಿಮ್ಮ ಚರ್ಮ ಅನ್ಕೋರಿ," ಅಂದಿದ್ದ ಸೈಕಲ್ಲಿನ ಮೇಲೆ ಗುಳಿಗೆ ತರುತ್ತಿದ್ದ ಉಮರಸಾಬ. ಚಪ್ಪಲಿ ಮೆಟ್ಟುವ ಮೊದಲು ಒಳಗೆ ನೋಡಬೇಕು. ಸಂಜೆಗೆ ಅಂಗಾಲನ್ನು ಬೆಳಕಿಗೆ ಹಿಡಿಯಬೇಕು, ನೀರಿನಲ್ಲಿ ನೆನೆಸಬೇಕು, ಎಣ್ಣೆ ಹಚ್ಚಬೇಕು. ನೀರಿನ ಬಿಸಿಯನ್ನು ಕೈಯಿಂದಲ್ಲ, ಮೊಣಕೈಯಿಂದ ತಿಳಿಯಬೇಕು. ಮೊಣಕೈಗೆ ಇನ್ನೂ ತಿಳಿಯುತ್ತಿತ್ತು. ಇವತ್ತು ಬಸ್ಸಿನ ಅವಸರದಲ್ಲಿ ಚಪ್ಪಲಿಯ ಒಳಗೆ ನೋಡಲಿಲ್ಲ. ಅವಸರವೇನೂ ಇರಲಿಲ್ಲ, ಬಸ್ಸು ಯಾವಾಗಲೂ ತಡವೇ. ಬೇರೆಯವರು ಯಾರೂ ನೋಡಿ ಮೆಟ್ಟುವುದಿಲ್ಲ, ಅದಕ್ಕೇ ನೋಡಲಿಲ್ಲ.

ಬಸ್ಸಿನಲ್ಲಿ ನಿಲ್ಲುವುದಕ್ಕೇ ಜಾಗವಿರಲಿಲ್ಲ. ಕಿಟಕಿಯಾಚೆ ಎರೆಯ ಹೊಲಗಳು ಒಂದೇ ಬಣ್ಣದಲ್ಲಿ ಹಿಂದಕ್ಕೆ ಸರಿಯುತ್ತಿದ್ದವು; ಅವುಗಳ ಮೇಲೆ ಯಾರೋ ನಡೆದರೆ ಹೊಲಕ್ಕೂ ತಿಳಿಯುವುದಿಲ್ಲ ಎಂಬ ವಿಚಿತ್ರ ಯೋಚನೆ ಬಂತು. ಹೆಂಡತಿ ಪಂಪಮ್ಮ ಬಂದರೆ ಮೊದಲು ಏನು ಮಾತಾಡುವುದು? ಅವಳ ತಮ್ಮ ಮಾರೆಪ್ಪ ದನದ ಸಂತೆಗೆಂದು ಕುಷ್ಟಗಿಗೆ ಬಂದಾಗ ಹುಚ್ಚೀರಪ್ಪನೇ ಅವನನ್ನು ಹೋಟೆಲಿಗೆ ಕರೆದೊಯ್ದು, ಭಜಿ ತಿನ್ನಿಸಿ, ಯಾವುದೋ ಹೋರಿಯ ಸುದ್ದಿಯ ನಡುವೆ ಸಹಜವಾಗಿ ತೇಲಿಬಿಟ್ಟಿದ್ದ: "ಕೈಗೆ ಈಗ ತಿಳಿತೈತಿ ಮಾರೆಪ್ಪ. ಸ್ವಲ್ಪ ಸ್ವಲ್ಪ ಅಂತ ಪೂರಾ ಬಂತು." ಮಾರೆಪ್ಪ ಚೇಷ್ಟೆಗೆ ಅವನ ಬಾಗಿದ ಕಿರುಬೆರಳನ್ನು ಚಿವುಟಿದ್ದ. ನೋಡುತ್ತಲೇ ಇದ್ದ ಹುಚ್ಚೀರಪ್ಪ "ಹಾ" ಎಂದು ಕೈ ಕೊಡವಿದ್ದ. "ಅಡ್ಡಿಯಿಲ್ಲ ಮಾವಾ, ಹಂಗಾರ ಬಂದು ಅಕ್ಕನ್ನ ಕರಕೊಂಡ ಹೋಗು," ಎಂದು ಮಾರೆಪ್ಪ ಬಾಯಿ ಒರೆಸಿಕೊಂಡಿದ್ದ. ಹೋದ ವಾರ ಮಾವನಿಂದಲೂ ಹೇಳಿಕೆ ಬಂತು. ಎಷ್ಟು ಸುಲಭವಿತ್ತು. ನೋವು ಎಂದರೆ ಒಂದು ಅಕ್ಷರ, ಸರಿಯಾದ ಹೊತ್ತಿಗೆ ಅಂದರೆ ಆಯಿತು. ಉಳಿದ ಜನರೂ ಹೀಗೇ ಅನ್ನುತ್ತಿರಬಹುದು, ಯಾರು ಕಂಡಿದ್ದಾರೆ?

"ಅಣ್ಣಾ," ಎಂದಳು ಪಕ್ಕದ ಸೀಟಿನ ಮುದುಕಿ. "ನಿನ್ನ ಕಾಲಮ್ಯಾಲ ನನ್ನ ಟ್ರಂಕ ಕುಂತೈತಲ್ಲೋ. ಎತ್ತು ಅನಬಾರದೇನು?"

ಕೆಳಗೆ ನೋಡಿದ. ಕಬ್ಬಿಣದ ಟ್ರಂಕಿನ ಮೂಲೆ ಅವನ ಎಡಗಾಲಿನ ಬೆರಳುಗಳ ಮೇಲೆ ಕೂತಿತ್ತು. ಯಾವ ಊರಿನಿಂದ ಕೂತಿತ್ತೋ.

"ಇರ್ಲಿ ಬಿಡಬೇ. ಹಗುರ ಐತಿ."

"ಹಗುರಂತ ಹಗುರ. ಅದರಾಗ ಮೊಮ್ಮಗಳಿಗೆ ಬೀಸೂಕಲ್ಲು ಒಯ್ಯಾಕತ್ತೀನಿ," ಎಂದು ಮುದುಕಿ ಸುತ್ತಲಿನವರಿಗೆ ಹೇಳಿದಳು. "ಏನ್ ಕಾಲೋ ಯಪ್ಪಾ ನಿಂದು, ಆನಿ ಕಾಲು."

ನಗೆಯೆದ್ದಿತು. ಒಬ್ಬ ಹುಡುಗ ಟ್ರಂಕನ್ನು ಸರಿಸಿದ, ಸರಿಸುತ್ತ ಆ ಕಾಲನ್ನು ನೋಡಿದ. ಹುಚ್ಚೀರಪ್ಪ ಈಗ ನೋವಾದಂತೆ ಮುಖ ಕಿವುಚಿದರೆ ತಡವಾಯಿತು, ಕಿವುಚದಿದ್ದರೆ ಇನ್ನೂ ತಡ. ಮುಂದಿನ ನಿಲ್ದಾಣದವರೆಗೆ ಅವನು ಬಲಗಾಲಿನ ಮೇಲೆ ಭಾರ ಹಾಕಿ ನಿಂತ, ಯಾರೂ ನೋಡುತ್ತಿರಲಿಲ್ಲವಾದರೂ.

ಪಂಪಮ್ಮ ಅವನ ಕಾಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕಂದೀಲಿನ ಬೆಳಕಿಗೆ ತಿರುಗಿಸಿ ನೋಡುತ್ತಿದ್ದ ಸಂಜೆಗಳು ವರ್ಗವಾಗುವ ಮೊದಲಿದ್ದ ಯಲಬುರ್ಗಾದ ಮನೆಯವು. ಅಕ್ಕಿಯಲ್ಲಿ ಕಲ್ಲು ಆರಿಸುವವಳ ಗಮನ ಅವಳ ಮುಖದಲ್ಲಿ ಇರುತ್ತಿತ್ತು. ಮುಳ್ಳು ಸಿಕ್ಕರೆ ತೆಗೆದು ತೋರಿಸುತ್ತಿದ್ದಳು. "ಇಕಾ, ಜಾಲಿದು. ಎಲ್ಲಿ ಸುತ್ತಾಕ ಹೋಗಿದ್ರಿ?" ಎಂದು ಕೇಳುವಾಗ ಅವನು ಗುಟ್ಟಾಗಿ ಎಲ್ಲಿಗೋ ಹೋಗಿಬಂದವನಂತೆ, ಕಾಲು ಅವಳಿಗೆ ಚಾಡಿ ಹೇಳಿದಂತೆ ಅವನಿಗೆ ಅನ್ನಿಸುತ್ತಿತ್ತು. ಅವಳ ಬೆರಳು ಕಣಕಾಲು ದಾಟಿ ಮೇಲೆ ಬಂದಾಗ ಮಾತ್ರ ಅವಳ ಕೈ ತಣ್ಣಗಿದೆ, ಬೆಳ್ಳುಳ್ಳಿ ಸುಲಿದ ಅಂಟು ಇದೆ ಎಂದು ತಿಳಿಯುತ್ತಿತ್ತು. ಅದಕ್ಕಿಂತ ಕೆಳಗೆ ಅವಳು ಎಷ್ಟು ಹೊತ್ತು ಮುಟ್ಟಿದರೂ ಅದು ಅವಳ ಮತ್ತು ಆ ಕಾಲಿನ ನಡುವಿನ ವ್ಯವಹಾರ. ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು, ತನ್ನದೇ ಪಾದದ ಮೇಲೆ. ಇವಳಿಗೆ ಅಸಹ್ಯವಾಗುತ್ತಿರಬೇಕು, ತೋರಿಸಿಕೊಳ್ಳುವುದಿಲ್ಲ ಅಷ್ಟೇ, ಎಂದು ಅವಳ ಮುಖದಲ್ಲಿ ಹುಡುಕುತ್ತಿದ್ದ. ಸಿಗಲಿಲ್ಲ ಎಂದು ಇನ್ನಷ್ಟು ಸಿಟ್ಟಾಗುತ್ತಿತ್ತು. ತವರಿಗೆ ಹೋದಮೇಲೆ, ಅಸಹ್ಯವೇ ಕಾರಣ, ಕೂಸಿನದು ನೆಪ, ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡನೆಂದರೆ ಒಂದೊಂದು ದಿನ ಅದು ನಿಜವಾಗಿಬಿಡುತ್ತಿತ್ತು.

ಕೂಸಿನದು ನೆಪವಾಗಿರಲಿಲ್ಲ. ಯಲಬುರ್ಗಾದಲ್ಲಿದ್ದಾಗ ಒಮ್ಮೆ ಪಂಪಮ್ಮ ಹುಲಿಗಿಗೆ ಹೋಗಿದ್ದಳು, ಹೊತ್ತ ಹರಕೆ ತೀರಿಸಲು. ಅಲ್ಲಿಯ ದೇವಿ ಹುಲಗೆಮ್ಮನ ಹೆಸರನ್ನೇ ಇಟ್ಟ ಕೂಸಿಗೆ ಮೈ ಬೆಚ್ಚಗಿತ್ತೆಂದು ಇವನ ಬಳಿ ಬಿಟ್ಟು ಹೋಗಿದ್ದಳು. ಬೆಳಿಗ್ಗೆ ಜ್ವರವಿರಲಿಲ್ಲ, ಮೈತೊಳೆಸಿ ಹೊಸ ಲಂಗ ತೊಡಿಸಿ ತಾಯಿಗೆ ತೋರಿಸಬೇಕೆಂದು ಅವನಿಗೇ ಹುರುಪು. ಹಿತ್ತಲ ಬಚ್ಚಲಲ್ಲಿ ಹಂಡೆಯಿಂದ ನೀರು ತೋಡಿ ಬಕೀಟಿಗೆ ಹಾಕಿ, ತಣ್ಣೀರು ಬೆರೆಸಿ, ಅಂಗಿಯ ತೋಳು ಏರಿಸಿ, ಮೊಣಕೈ ಅದ್ದಲು ಬಗ್ಗಿದ. ಆಗ ಗಿಡ್ಡ ಗೋಡೆಯಾಚೆ ನೆರೆಮನೆಯ ಹಜರತಬೀ ಕಂಡಳು, ಬಟ್ಟೆ ಒಣಗಹಾಕುತ್ತ, ಇತ್ತಲೇ ನೋಡುತ್ತ, ನಗುತ್ತ. "ಇವತ್ತ ತಾಯಿ ಕೆಲ್ಸ ನಿಮಗೇನ್ರೀ ಸಾಹೇಬ್ರ?" ಗಂಡಸು ಬಕೀಟಿನ ಮೇಲೆ ಕೋಳಿಯಂತೆ ರೆಕ್ಕೆ ಮಡಚಿ ಬಗ್ಗಿದ್ದು ಅವನಿಗೆ ಅವಳ ಕಣ್ಣಿನಿಂದ ಕಂಡಿತು. ಯಾಕೆ ಹಾಗೆ ಎಂದು ಕೇಳಿದರೆ? ಕೇಳದೆ ತಿಳಿದುಕೊಂಡರೆ? ತೋಳು ಇಳಿಸಿದ. ಎಲ್ಲರಂತೆ ನೀರಿಗೆ ಕೈಯಾಡಿಸಿ, "ಹೂಂ, ಹದ ಆಗ್ಯಾವು," ಎಂದು ಅವಳಿಗೆ ಕೇಳುವಂತೆ ಹೇಳಿ, ತಂಬಿಗೆ ತುಂಬಿ ಕೂಸಿನ ಬೆನ್ನಿಗೆ ಹಾಕಿದ. ಕೂಸು ಅಳಲಿಲ್ಲ. ಬಾಯಿ ತೆರೆಯಿತು, ಉಸಿರು ಸಿಕ್ಕಿಕೊಂಡಿತು, ಕಣ್ಣು ದೊಡ್ಡವಾದವು. ಹಟ ಮಾಡುತ್ತಿದೆ ಎಂದುಕೊಂಡ. ಇನ್ನೊಂದು ತಂಬಿಗೆ ಹಾಕಿದ. ಆಮೇಲೆ ಅಳು ಬಂತು, ಗೋಡೆ ಹಾರಿ ಹಜರತಬೀ ಬಂದಳು, ಬಕೀಟಿಗೆ ಕೈಯಿಟ್ಟು ಚೀರಿ ಹಿಂದಕ್ಕೆಳೆದುಕೊಂಡಳು. ಅವಳು ಕೈ ಹಿಂದಕ್ಕೆಳೆದ ರೀತಿ ಅವನಿಗೆ ಈಗಲೂ ಸ್ಪಷ್ಟವಾಗಿ ನೆನಪಿದೆ. ಹೋಟೆಲುಗಳಲ್ಲಿ ಅವನು ಮಾಡುವುದು ಅದನ್ನೇ.

ಹನುಮಸಾಗರದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಾವ ಹೊನ್ನೂರಪ್ಪನ ಮನೆಯ ಕಟ್ಟೆಗೆ ಅತ್ತೆ ಹಂಪವ್ವ ಚರಿಗೆ ಹಿಡಿದು ಬಂದಳು. ಅಳಿಯ ಬಂದರೆ ಮೊದಲು ಕಾಲಿಗೆ ನೀರು. ಆ ಮರ್ಯಾದೆಯನ್ನು ಅವರು ತಪ್ಪಿಸಿರಲಿಲ್ಲ. ಚರಿಗೆಯನ್ನು ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟಳು. ಎಲ್ಲರಿಗೂ ಹಾಗೇ ಇಡುತ್ತಾಳೋ ಎಂದು ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ. ಚಪ್ಪಲಿ ಬಿಟ್ಟು ನೀರು ಹಾಕಿಕೊಂಡ. ಬಲಗಾಲಿನಿಂದ ಇಳಿದ ನೀರು ತಿಳಿಯಾಗಿತ್ತು. ಎಡಗಾಲಿನದು ಕೆಂಪಾಗಿ ಹೊರಟು, ಮಣ್ಣಿನಲ್ಲಿ ಕಂದಾಗಿ, ಇಂಗಿತು. ಬಿಟ್ಟ ಚಪ್ಪಲಿಯ ಹಿಮ್ಮಡಿಯಲ್ಲಿ ಮೊಳೆಯೊಂದು ಹಲ್ಲಿನಂತೆ ತಲೆಯೆತ್ತಿ ಹೊಳೆಯುತ್ತಿತ್ತು. ಕುಷ್ಟಗಿಯ ಬಸ್‌ಸ್ಟ್ಯಾಂಡಿನಿಂದ ಇಲ್ಲಿಯವರೆಗೆ ಅದರ ಮೇಲೆ ನಡೆದು ಬಂದಿದ್ದ. ಕಾಲನ್ನು ಕಾಲಿನಿಂದ ಉಜ್ಜಿ, ಉಳಿದ ನೀರೆಲ್ಲ ಸುರಿದು, ಚಪ್ಪಲಿಯನ್ನು ಮಗುಚಿಟ್ಟ. ಅತ್ತೆ ಎಲ್ಲೋ ನೋಡುತ್ತಿದ್ದಳು. ಅಡಿಗೆಮನೆಯ ಬಾಗಿಲಲ್ಲಿ ಒಂದು ಸೀರೆಯ ಸೆರಗು ಇದ್ದು ಇಲ್ಲವಾಯಿತು.

ಪಡಸಾಲೆಯ ಜಮಖಾನೆಯ ಮೇಲೆ ಹಿಮ್ಮಡಿಯನ್ನು ತೊಡೆಯ ಕೆಳಗೆ ಮಡಚಿಕೊಂಡು ಕೂತ. ಮಾವ ಮಳೆಯ ಮಾತಾಡಿದ, ಕಚೇರಿಯ ಮಾತಾಡಿದ, ಹೊಲದ ಪಹಣಿಯೊಂದರ ಬಗ್ಗೆ ಕೇಳಿದ. ಮಾರೆಪ್ಪ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದ. ಬಾಗಿಲ ಸಂದಿಯಿಂದ ಹುಲಗೆಮ್ಮ ಇಣುಕಿದಳು. ಕುತ್ತಿಗೆ ಜಾರಿದ ಅಂಗಿಯ ಮೇಲೆ ಹೆಗಲಿನಿಂದ ಬೆನ್ನಿಗೆ ಇಳಿದ ಚರ್ಮ ನಿರಿಗೆಗಟ್ಟಿ ಹೊಳೆಯುತ್ತಿತ್ತು. ಅಲ್ಲಿ ಮುಟ್ಟಿದರೆ ಅವಳಿಗೆ ತಿಳಿಯುತ್ತದೆಯೇ? ತಿಳಿಯದಿದ್ದರೆ ನನ್ನ ಮಗಳೆಂದು ಹೇಳಲು ಇನ್ನೇನು ಗುರುತು ಬೇಕು, ಎಂದು ಎದ್ದ ಯೋಚನೆಗೆ ತಾನೇ ಹೇಸಿದ. "ಬಾ ಪುಟ್ಟಿ," ಅಂದ. ಅವಳು ಅವನ ಮುಖ ನೋಡಲಿಲ್ಲ. ಚಾಚಿದ ಕೈಗಳನ್ನು ನೋಡಿದಳು, ಒಳಗೆ ಹೋದಳು.

"ಹಂಗ ಅದು, ಹೊಸಬ್ರನ್ನ ಕಂಡ್ರ ಓಡತೈತಿ," ಎಂದ ಮಾವ. ಆಮೇಲೆ ತಾನು ಆಡಿದ್ದು ತನಗೇ ಕೇಳಿಸಿದಂತೆ ಕೆಮ್ಮಿದ. "ಚಾ ಆತೇನಬೇ?"

ಚಾ ಬರಲು ಬಹಳ ಹೊತ್ತಾಯಿತು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದಾಗಿ ನಿಂತು ಎಷ್ಟೋ ಹೊತ್ತಿನ ಮೇಲೆ ಹಂಪವ್ವ ತಾಟಿನಲ್ಲಿ ಮೂರು ಸ್ಟೀಲಿನ ಲೋಟ ತಂದಳು. ಸ್ಟೀಲು ಎಂದರೆ ಗಂಡಾಂತರ. ಗಾಜಿಗಿಂತ ಬೇಗ ಸುಡುತ್ತದೆ ಎಂದು ಬುದ್ಧಿಗೆ ಗೊತ್ತಿತ್ತು. ಮೊದಲು ಮಾವ ತೆಗೆದುಕೊಳ್ಳಲಿ ಎಂದು ಕಾದ. ತಾಟು ಅವನ ಮುಂದೆಯೇ ನಿಂತಿತು, ಅಳಿಯನಿಗೆ ಮೊದಲು. ಎಲ್ಲರೂ ನೋಡುತ್ತಿದ್ದರು, ಅಥವಾ ಅವನಿಗೆ ಹಾಗನ್ನಿಸಿತು. ಲೋಟದ ಕಂಠಕ್ಕೆ ಬೆರಳು ಹಾಕಿದ, "ಸ್" ಎಂದು ಬಿಟ್ಟ, ಪಂಚೆಯ ಚುಂಗು ಸುತ್ತಿ ಹಿಡಿದು ಎತ್ತಿಕೊಂಡ, ಈ ಕೈಯಿಂದ ಆ ಕೈಗೆ ದಾಟಿಸಿದ, ಬಾಗಿಲ ಸಂದಿಯವರೆಗೆ ಕೇಳುವಂತೆ ಊದಿದ. ಇಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ. ಒಂದು ಕ್ಷಣ ಬೆರಳ ತುದಿಯಲ್ಲಿ ಏನೋ ಜುಮ್ಮೆಂದಂತೆಯೂ ಆಯಿತು.

ಹೊನ್ನೂರಪ್ಪ ತನ್ನ ಲೋಟ ಎತ್ತಿ ಒಂದೇ ಗುಟುಕಿಗೆ ಅರ್ಧ ಕುಡಿದ. ಮುಖ ಹುಳ್ಳಗೆ ಮಾಡಿದ.

"ಏನವಾ ಪಂಪಾ ಇದು, ಆರಿದ ಚಾ ಕಳಿಸಿಯಲ್ಲ. ಪೂರಾ ತಣ್ಣಗಾಗೈತಿ..."

ಮಾರೆಪ್ಪ ಅಗಿಯುವುದನ್ನು ನಿಲ್ಲಿಸಿದ. ಪಂಚೆಯ ಚುಂಗು ಸುತ್ತಿದ ಲೋಟ ಹುಚ್ಚೀರಪ್ಪನ ಬಾಯಿಯ ಹತ್ತಿರ, ಊದಲು ಚೂಪಾದ ತುಟಿ ಹಾಗೆಯೇ ಉಳಿದುಹೋಗಿತ್ತು. ಲೋಟವನ್ನು ಕೆಳಗಿಡಬೇಕೋ ಕುಡಿಯಬೇಕೋ ತಿಳಿಯದೆ ಕುಡಿದ. ಬಾವಿಯ ನೀರಿನಷ್ಟು ತಣ್ಣಗಿತ್ತು.

"ಮಾವಾ," ಎಂದ ಮಾರೆಪ್ಪ, ಮೆಲ್ಲಗೆ. "ನಾ ಆವತ್ತ ಚಿವುಟಿದಾಗ..." ಮುಂದೆ ಕೇಳಲಿಲ್ಲ. ಎದ್ದು ಹೊರಗೆ ಹೋಗಿ ಉಗುಳಿ, ಒಳಗೆ ಬರದೆ ಬಾಗಿಲಲ್ಲೇ ನಿಂತ.

ಆಗ ಪಂಪಮ್ಮ ಬಂದಳು. ತೆಳ್ಳಗಾಗಿದ್ದಳು. ಎರಡೂ ಕೈಯಲ್ಲಿ ಅಗಲವಾದ ಬೋಗುಣಿ, ಹೆಗಲ ಮೇಲೆ ಹಳೇ ಪಂಚೆಯ ತುಂಡು. ಬೋಗುಣಿಯನ್ನು ಅವನ ಮುಂದಿಟ್ಟು ಕೂತಳು. ನೀರು ಅಲುಗಾಡಿ ನಿಂತಿತು. ಹಬೆಯಿರಲಿಲ್ಲ, ಬಿಸಿಯೋ ತಣ್ಣಗೋ ಕಣ್ಣಿಗೆ ಹೇಳುವಂಥದೇನೂ ಅದರಲ್ಲಿರಲಿಲ್ಲ.

"ಚಾ ನಾನ ಆರಿಸಿ ಕಳಿಸಿದ್ದೆ," ಅಂದಳು. "ನನ್ನ ಮ್ಯಾಲ ಸಿಟ್ಟಾಗ್ರಿ. ಕೂಸಿನ್ನ ಕರಕೊಂಡ ಬರೂ ಮೊದ್ಲು ನನಗ ಗೊತ್ತಾಗಬೇಕಿತ್ತು."

ಅವನು ಲೋಟವನ್ನು ಪಕ್ಕಕ್ಕಿಟ್ಟ.

"ಎಡಗಾಲಿಗೆ ಮೊಳಿ ಚುಚ್ಚೈತಿ. ಜಮಖಾನಿಗೆ ರಕ್ತ ಹತ್ತೈತಿ ನೋಡ್ರಿ. ತೊಳದು ಕಟ್ತೀನಿ ಕೊಡ್ರಿ. ಅದಕಿಂತ ಮೊದ್ಲು ನೀರು ಹದ ಅದಾವೇನು ನೀವ ನೋಡ್ರಿ."

ಅವನು ಕೈ ಮುಂದೆ ಮಾಡಿದ.

"ಕೈ ಅಲ್ಲ. ಮೊಣಕೈ."

"ಹೋಗ್ಲಿ ಬಿಡವಾ," ಎಂದ ಹೊನ್ನೂರಪ್ಪ. "ಒಳಗ ಕರಕೊಂಡ ಹೋಗಿ ಏನರ ಮಾಡ್ರಿ. ಇಲ್ಲಿ ಯಾಕ?"

"ನೀ ಸುಮ್ನಿರಪ್ಪ. ಇಲ್ಲೇ ಆಗಬೇಕು." ಅವಳ ದನಿ ಏರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವ ಅದೇ ಗಮನ ಮುಖದಲ್ಲಿತ್ತು. "ಹಜರತಬೀ ನನಗ ಎಲ್ಲಾ ಹೇಳ್ಯಾಳ. ತೋಳ ಏರಿಸಿದ್ರಂತ, ಆಕಿನ್ನ ನೋಡಿ ಇಳಿಸಿದ್ರಂತ. ನಿಮ್ಮ ಬ್ಯಾನಿಗೆ ನಾ ಅಂಜಿಲ್ಲ, ಆವತ್ತೂ ಇಲ್ಲ, ಇವತ್ತೂ ಇಲ್ಲ. ನೋಡಾವ್ರು ಯಾರರೆ ಇರತಾರ ಬಿಡ್ರಿ ಯಾವಾಗ್ಲೂ. ಇವತ್ತ ನಮ್ಮಪ್ಪ ಅದಾನ, ನಾಳೆ ಇನ್ನೊಬ್ರು. ಅವರ ಮುಂದ ಒಮ್ಮೆ ಅದ್ದಿ ನೋಡ್ರಿ. ಗಂಟು ಕಟ್ಟಿಟ್ಟೀನಿ. ಅದ್ದಿದ್ರ ಸಂಜಿ ಬಸ್ಸಿಗೆ ನಾನೂ ಕೂಸೂ ನಿಮ್ಮ ಜೋಡಿ ಬರ್ತೀವಿ."

ಬಾಗಿಲ ಹಿಂದೆ ನಿಜವಾಗಿಯೂ ಗಂಟು ಇತ್ತು. ಅದರ ಮೇಲೆ ಹುಲಗೆಮ್ಮ ಕೂತು, ಕಾಲು ಆಡಿಸುತ್ತ, ಏನೋ ಆಟ ನಡೆಯಲಿದೆ ಎಂಬಂತೆ ಬೋಗುಣಿಯನ್ನು ನೋಡುತ್ತಿದ್ದಳು. ಹೊನ್ನೂರಪ್ಪ ನೆಲ ನೋಡುತ್ತಿದ್ದ. ಮಾರೆಪ್ಪ ನೆಲ ನೋಡುತ್ತಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಮಾರೆಪ್ಪನ ಹೆಗಲ ಮೇಲಿಂದ ಇಣುಕಿ, "ಅಳ್ಯಾರು ಬಂದಾರೇನು?" ಎಂದು ಕೇಳಿ ಅಲ್ಲೇ ನಿಂತರು. ಹುಚ್ಚೀರಪ್ಪ ತೋಳಿನ ಗುಂಡಿಗೆ ಕೈ ಹಾಕಿದ. ಗುಂಡಿ ಬೆರಳಿಗೆ ಸಿಕ್ಕಿತೋ ಇಲ್ಲವೋ ನೋಡದೆ ತಿಳಿಯುವುದಿಲ್ಲ, ನೋಡಿದ. ಸಿಕ್ಕಿತ್ತು. ಒಂದು ಮಡಿಕೆ ಏರಿಸಿದ. ಬಕೀಟಿನ ಮೇಲೆ ಬಗ್ಗಿದ ಗಂಡಸು, ಕೋಳಿಯ ರೆಕ್ಕೆ, ಗೋಡೆಯಾಚೆಯ ನಗೆ. ಬೋಗುಣಿಯ ನೀರಿನಲ್ಲಿ ಅವನ ಮುಖ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಪಂಪಮ್ಮನ ಮುಖ, ಹಿಂದೆ ಬಾಗಿಲ ಬೆಳಕಿನಲ್ಲಿ ಕಪ್ಪಾದ ತಲೆಗಳು. ಕಣಕಾಲಿನ ಮೇಲೆ, ತಿಳಿಯುವ ಜಾಗದಲ್ಲಿ, ಅವಳ ಬೆರಳು ತಗಲಿತು. ತಣ್ಣಗಿತ್ತು. ಬೆಳ್ಳುಳ್ಳಿಯ ಅಂಟು ಇತ್ತು.

"ಅದ್ದ್ರಿ," ಅಂದಳು ಅವಳು.

ಅವನು ತೋಳಿನ ಮಡಿಕೆಯನ್ನು ಕೆಳಕ್ಕೆ ಬಿಟ್ಟ. ಗುಂಡಿಯನ್ನು ನೋಡುತ್ತ ನೋಡುತ್ತ ಹಾಕಿಕೊಂಡ.

"ಒಲ್ಲೆ," ಅಂದ.